ವೋಟು ಹಾಕಲು ಯಾವ ಕಾರ್ಡು ನಡೆಯುತ್ತದೆ? ಅಮೆರಿಕದ ವೋಟರ್ ಐಡಿ ಜಗಳದ ಒಳಗೇನಿದೆ

ವೋಟು ಹಾಕಲು ಬಂದವರ ಹತ್ತಿರ ಐಡಿ ಕಾರ್ಡು ಕೇಳುವುದು ಸರಿಯೋ ತಪ್ಪೋ ಅಂತ ಅಮೆರಿಕದಲ್ಲಿ 20 ವರ್ಷಕ್ಕೂ ಜಾಸ್ತಿ ಕಾಲದಿಂದ ಜಗಳ ನಡೆಯುತ್ತಿದೆ. ಕೋರ್ಟು, ವಿಧಾನಸಭೆ, ಟೀವಿ, ಎಲ್ಲ ಕಡೆ ಇದೇ ಮಾತು. ಇಲ್ಲಿ ಕೂತು ಆ ಸುದ್ದಿ ಓದಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ‘ಅಲ್ರೀ, ನಾವೂ ಕಾರ್ಡು ತೋರಿಸಿಯೇ ವೋಟು ಹಾಕ್ತೀವಲ್ಲ, ಅವರಿಗೇನು ಕಷ್ಟ?’ ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಸ್ವಲ್ಪ ಉದ್ದ ಇದೆ.

ಮೊದಲು ನಮ್ಮ ಕಡೆ ಏನು ನಡೆಯುತ್ತದೆ ಅಂತ ನೋಡೋಣ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಫೋಟೋ ಇರುವ ಗುರುತಿನ ಚೀಟಿ ಶುರುವಾಯಿತು. ಅದನ್ನು ಮಾಡಿಸಿಕೊಡುವ ಹೊಣೆ ಆಯೋಗದ್ದು. ಬೂತ್ ಮಟ್ಟದ ಅಧಿಕಾರಿ, ಅಂದರೆ ಹೆಚ್ಚಾಗಿ ನಮ್ಮೂರಿನ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ, ಪಟ್ಟಿ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಚೀಟಿ ಕಳೆದುಹೋಗಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಚಿಂತೆಯಿಲ್ಲ. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಫೋಟೋ ಅಂಟಿಸಿದ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಪಿಂಚಣಿ ದಾಖಲೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಕೂಲಿಗೆ ಹೋಗುವವರ ಕೈಯಲ್ಲೂ ಇರುವಂಥ ದಾಖಲೆ ಆ ಪಟ್ಟಿಯಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಎಲ್ಲ ಸರಿಯಿದೆ ಅಂತ ಹೇಳುತ್ತಿಲ್ಲ. ಪಟ್ಟಿಯಿಂದ ಹೆಸರು ಬಿಟ್ಟುಹೋದವರ ಗೋಳನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆ ನಡೆದಾಗ ಯಾವ ದಾಖಲೆ ನಡೆಯುತ್ತದೆ ಅನ್ನುವುದೇ ದೊಡ್ಡ ವ್ಯಾಜ್ಯವಾಯಿತು. ಗುರುತಿನ ದಾಖಲೆಯಾಗಿ ಆಧಾರ್ ಅನ್ನೂ ತೆಗೆದುಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆದರೂ ಮತದಾರನಿಗೆ ಚೀಟಿ ತಲುಪಿಸುವುದು ಯಾರ ಕೆಲಸ ಅನ್ನುವುದರಲ್ಲಿ ನಮಗೆ ಗೊಂದಲ ಇಲ್ಲ.

ಅಮೆರಿಕದಲ್ಲಿ ಗೊಂದಲ ಇರುವುದೇ ಅಲ್ಲಿ.

ಅಲ್ಲಿ ಇಡೀ ದೇಶದ ಚುನಾವಣೆ ನಡೆಸುವ ಒಂದು ಆಯೋಗ ಇಲ್ಲ. ಸಂವಿಧಾನವೇ ಆ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿದೆ. 50 ರಾಜ್ಯಗಳಿಗೆ 50 ನಿಯಮ. ರಾಜ್ಯದೊಳಗೆ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಚುನಾವಣೆ ನಡೆಸುತ್ತವೆ. ಪಟ್ಟಿಗೆ ಹೆಸರು ಸೇರಿಸುವ ಹೊಣೆ ಬಹುಪಾಲು ಮತದಾರನದೇ. ಮನೆ ಬದಲಾಯಿಸಿ ಬೇರೆ ಕೌಂಟಿಗೆ ಹೋದರೆ ಅವನೇ ಹೋಗಿ ಬದಲಾಯಿಸಿಕೊಳ್ಳಬೇಕು. ಯಾರೂ ಬಾಗಿಲು ತಟ್ಟುವುದಿಲ್ಲ.

ರಾಷ್ಟ್ರೀಯ ಗುರುತಿನ ಚೀಟಿಯೂ ಅಲ್ಲಿಲ್ಲ. ಎಲ್ಲರ ವಿವರ ಸರ್ಕಾರದ ಕೈಯಲ್ಲಿ ಇರಬಾರದು ಅನ್ನುವ ಭಯ ಎಡದವರಿಗೂ ಇದೆ, ಬಲದವರಿಗೂ ಇದೆ. ಹಾಗಾಗಿ ದಿನನಿತ್ಯದ ಕೆಲಸಕ್ಕೆಲ್ಲ ಡ್ರೈವಿಂಗ್ ಲೈಸೆನ್ಸೇ ಗುರುತಿನ ಚೀಟಿ. ಕಾರು ಓಡಿಸುವವರಿಗೆ ಇದು ಸಮಸ್ಯೆಯೇ ಅಲ್ಲ. ಕಾರಿಲ್ಲದವರ ಕಥೆ ಬೇರೆ. ವಯಸ್ಸಾಗಿ ಗಾಡಿ ಓಡಿಸುವುದು ಬಿಟ್ಟವರು, ಬಸ್ಸಿನಲ್ಲಿ ಓಡಾಡುವ ಬಡವರು, ವಿದ್ಯಾರ್ಥಿಗಳು, ಅಂಗವಿಕಲರು, ಇವರಲ್ಲಿ ಅನೇಕರ ಹತ್ತಿರ ಚಾಲ್ತಿಯಲ್ಲಿರುವ ಫೋಟೋ ಐಡಿ ಇರುವುದಿಲ್ಲ. ಬ್ರೆನ್ನನ್ ಸೆಂಟರ್ ಎಂಬ ಸಂಸ್ಥೆ 2006ರಲ್ಲಿ ಸಮೀಕ್ಷೆ ಮಾಡಿದಾಗ ಇಂಥವರು ಪ್ರತಿ ನೂರಕ್ಕೆ 11 ಜನ ಸಿಕ್ಕರು. ಕಪ್ಪು ವರ್ಣೀಯರಲ್ಲಿ ನೂರಕ್ಕೆ 25. ಈ ಅಂಕಿ ನಿಜಕ್ಕಿಂತ ಜಾಸ್ತಿ ಅಂತ ವಾದಿಸಿದವರೂ ಇದ್ದಾರೆ. ಆದರೆ ಬಿಳಿಯರಿಗಿಂತ ಕಪ್ಪು ವರ್ಣೀಯರ ಮತ್ತು ಲ್ಯಾಟಿನೋಗಳ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಹತ್ತಿರ ಐಡಿ ಕಡಿಮೆ ಅನ್ನುವುದು ಆಮೇಲೆ ಕೋರ್ಟುಗಳ ಮುಂದೆ ಬಂದ ಲೆಕ್ಕಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ಇಷ್ಟು ದಿನ ಬೂತಿನಲ್ಲಿ ಗುರುತು ಹಿಡಿಯುತ್ತಿದ್ದದ್ದು ಹೇಗೆ? ಹೆಸರು, ವಿಳಾಸ ಹೇಳಿ ಪುಸ್ತಕದಲ್ಲಿ ಸಹಿ ಮಾಡಿದರೆ ಆಯಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಬಹುಪಾಲು ಮತದಾರರಿಗೆ ಈಗಲೂ ಇಷ್ಟೇ. ಸುಳ್ಳು ಹೇಳಿ ಸಹಿ ಹಾಕಿದರೆ ಜೈಲು. ಇನ್ನು ಸುಮಾರು 36 ರಾಜ್ಯಗಳು ಒಂದಲ್ಲ ಒಂದು ಬಗೆಯ ಐಡಿ ಕೇಳುತ್ತವೆ. ಕೆಲವು ಕರೆಂಟ್ ಬಿಲ್ಲನ್ನೂ ಒಪ್ಪುತ್ತವೆ. ಕೆಲವು ಫೋಟೋ ಇರುವ ಇಂತಿಂಥ ಕಾರ್ಡೇ ಬೇಕು ಅನ್ನುತ್ತವೆ. ‘ವೋಟರ್ ಐಡಿ ಕಾನೂನು’ ಅಂತ ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಅಷ್ಟು ವ್ಯತ್ಯಾಸ ಇದೆ.

ಹಳೆಯ ಗಾಯ

ಕಾರ್ಡು ಕೇಳಿದರೆ ಕಪ್ಪು ವರ್ಣೀಯರಿಗೆ ಅಷ್ಟೊಂದು ಅನುಮಾನ ಯಾಕೆ ಅನ್ನುವುದು ಇತಿಹಾಸ ನೋಡದೆ ತಿಳಿಯುವುದಿಲ್ಲ. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, 15ನೇ ತಿದ್ದುಪಡಿ ಬಂತು. ಬಣ್ಣ, ಜನಾಂಗದ ಕಾರಣಕ್ಕೆ ಯಾರಿಗೂ ಮತದ ಹಕ್ಕು ತಪ್ಪಿಸಬಾರದು ಅಂತ ಅದು ಹೇಳಿತು. ಹಾಗಾಗಿ ದಕ್ಷಿಣದ ರಾಜ್ಯಗಳು ತಮ್ಮ ಕಾನೂನಿನಲ್ಲಿ ‘ಕಪ್ಪು ಜನ ವೋಟು ಹಾಕಬಾರದು’ ಅಂತ ಬರೆಯಲಿಲ್ಲ. ಬೇರೆ ದಾರಿ ಹುಡುಕಿದವು. ವೋಟು ಹಾಕಲು ತೆರಿಗೆ ಕಟ್ಟಬೇಕು ಅಂದವು. ಓದು ಬರಹ ಬರಬೇಕು ಅಂದವು. ಮಿಸ್ಸಿಸಿಪ್ಪಿಯ 1890ರ ಸಂವಿಧಾನದ ಪ್ರಕಾರ, ರಾಜ್ಯ ಸಂವಿಧಾನದ ಒಂದು ಕಲಮಿಗೆ ಅರ್ಥ ಹೇಳಲು ಮತದಾರನನ್ನು ಕೇಳಬಹುದಿತ್ತು. ಉತ್ತರ ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ನೋಂದಣಿ ಗುಮಾಸ್ತ. ಬಿಳಿಯನಿಗೆ ಒಂದು ಸಾಲಿನ ಸುಲಭದ ಕಲಮು, ಕಪ್ಪು ವರ್ಣೀಯ ಪ್ರೊಫೆಸರ್ ಬಂದರೂ ಫೇಲು.

ಓದಲು ಎಲ್ಲವೂ ‘ಎಲ್ಲರಿಗೂ ಒಂದೇ’ ನಿಯಮ. ಬಿದ್ದ ಏಟು ಮಾತ್ರ ಒಂದು ಕಡೆಯವರಿಗೆ.

1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾದಲ್ಲಿ, ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ, ಮತದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಲಾಠಿಯಿಂದ ಹೊಡೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಅದೇ ವರ್ಷ ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಪರೀಕ್ಷೆಗಳು ಹೋದವು. ಮಿಸ್ಸಿಸಿಪ್ಪಿಯಲ್ಲಿ ಪಟ್ಟಿಗೆ ಸೇರಿದ್ದ ಕಪ್ಪು ವರ್ಣೀಯರು ನೂರಕ್ಕೆ 7 ಜನವೂ ಇರಲಿಲ್ಲ. 1967ರ ಹೊತ್ತಿಗೆ ನೂರಕ್ಕೆ ಸುಮಾರು 60 ಆಯಿತು. ಎರಡೇ ವರ್ಷದಲ್ಲಿ! ಮತದ ತೆರಿಗೆ ಎಲ್ಲ ಕಡೆಯಿಂದ ಹೋಗಲು ಮತ್ತೊಂದು ವರ್ಷ ಬೇಕಾಯಿತು. ವರ್ಜೀನಿಯಾ ವಸೂಲಿ ಮಾಡುತ್ತಿದ್ದ ಒಂದೂವರೆ ಡಾಲರ್ ತೆರಿಗೆಯನ್ನು 1966ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ವೋಟಿಗೂ ಕಿಸೆಯಲ್ಲಿರುವ ದುಡ್ಡಿಗೂ ಸಂಬಂಧ ಇರಬಾರದು ಅನ್ನುವುದು ಆ ತೀರ್ಪಿನ ತಿರುಳು.

ಆ ಕಾಯ್ದೆಯ 5ನೇ ಸೆಕ್ಷನ್ ತುಂಬ ಮುಖ್ಯವಾದದ್ದು. ಹಿಂದೆ ಅನ್ಯಾಯ ಮಾಡಿದ್ದ ರಾಜ್ಯಗಳು ಚುನಾವಣೆಯ ಯಾವುದೇ ನಿಯಮ ಬದಲಾಯಿಸುವ ಮುಂಚೆ ಕೇಂದ್ರದ ನ್ಯಾಯ ಇಲಾಖೆಯ ಅಥವಾ ವಾಷಿಂಗ್ಟನ್‌ನ ಕೋರ್ಟಿನ ಒಪ್ಪಿಗೆ ಪಡೆಯಬೇಕಿತ್ತು. ಒಂದು ಬೂತನ್ನು ಆ ಬೀದಿಯಿಂದ ಈ ಬೀದಿಗೆ ಸಾಗಿಸಲೂ ಕೇಳಬೇಕು. ಜನರ ಹಕ್ಕು ಹೋದ ಮೇಲೆ ಕೋರ್ಟಿಗೆ ಅಲೆಯುವ ಬದಲು, ಹೋಗುವ ಮುಂಚೆಯೇ ತಡೆಯುವ ಏರ್ಪಾಡು ಅದು.

2013ರ ಜೂನ್ 25ರಂದು ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಈ ಏರ್ಪಾಡನ್ನು ನಿಲ್ಲಿಸಿತು. ಯಾವ ರಾಜ್ಯಗಳಿಗೆ ಇದು ಅನ್ವಯ ಅಂತ ತೀರ್ಮಾನಿಸುವ ಸೂತ್ರ ಹಳತಾಯಿತು, ದಕ್ಷಿಣ ಬದಲಾಗಿದೆ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಪ್ಪಲಿಲ್ಲ. ಮಳೆ ಸುರಿಯುತ್ತಿರುವಾಗ ನೆನೆಯುತ್ತಿಲ್ಲ ಅಂತ ಕೊಡೆ ಬಿಸಾಡಿದ ಹಾಗಾಯಿತು ಇದು ಅಂತ ಅವರು ತಮ್ಮ ಭಿನ್ನ ತೀರ್ಪಿನಲ್ಲಿ ಬರೆದರು.

ತೀರ್ಪು ಬಂದು ಕೆಲವೇ ಗಂಟೆಗಳಲ್ಲಿ ಟೆಕ್ಸಸ್ ತನ್ನ ಐಡಿ ಕಾನೂನನ್ನು ಜಾರಿಗೆ ತರುವುದಾಗಿ ಘೋಷಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಒಪ್ಪಿಗೆ ಸಿಕ್ಕಿರಲಿಲ್ಲ.

ಟೆಕ್ಸಸ್‌ನ ಏಳು ಕಾರ್ಡುಗಳು

ಈ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವೋಟು ಹಾಕಲು ಏಳು ಬಗೆಯ ಕಾರ್ಡುಗಳನ್ನು ಮಾತ್ರ ಅದು ಒಪ್ಪಿತು: ಡ್ರೈವಿಂಗ್ ಲೈಸೆನ್ಸ್, ರಾಜ್ಯದ ಗುರುತಿನ ಕಾರ್ಡು, ಸೇನೆಯ ಕಾರ್ಡು, ಪಾಸ್‌ಪೋರ್ಟ್, ಫೋಟೋ ಇರುವ ಪೌರತ್ವ ಪತ್ರ, ಪಿಸ್ತೂಲು ಇಟ್ಟುಕೊಳ್ಳುವ ಲೈಸೆನ್ಸ್, ಮತ್ತು ಇದಕ್ಕಂತಲೇ ಹೊಸದಾಗಿ ಮಾಡಿದ ಒಂದು ಉಚಿತ ಚೀಟಿ. ರಾಜ್ಯ ಸರ್ಕಾರದ್ದೇ ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಕಾರ್ಡು ನಡೆಯುವುದಿಲ್ಲ. ಪಿಸ್ತೂಲಿನ ಲೈಸೆನ್ಸ್ ಇದ್ದವರಲ್ಲಿ ಬಿಳಿಯರು ಜಾಸ್ತಿ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಯಾವ ಕಾರ್ಡು ಒಳಗೆ, ಯಾವುದು ಹೊರಗೆ ಅನ್ನುವ ಆಯ್ಕೆಯಲ್ಲೇ ಯಾರು ಒಳಗೆ, ಯಾರು ಹೊರಗೆ ಅನ್ನುವುದೂ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ನರೇಗಾ ಜಾಬ್ ಕಾರ್ಡ್ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಉಚಿತ ಚೀಟಿ ಇದೆಯಲ್ಲ, ಮಾಡಿಸಿಕೊಳ್ಳಬಹುದಲ್ವಾ? ಚೀಟಿ ಉಚಿತ, ಆದರೆ ಅದಕ್ಕೆ ಬರ್ತ್ ಸರ್ಟಿಫಿಕೇಟ್ ಬೇಕು. ಆಗ ಅದಕ್ಕೆ ದುಡ್ಡು ಕೊಡಬೇಕಿತ್ತು. ದಕ್ಷಿಣದ ಹಳ್ಳಿಗಳಲ್ಲಿ ಹಿಂದೆ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಎಷ್ಟೋ ಕಪ್ಪು ವರ್ಣೀಯರ ಜನನ ದಾಖಲೆಯೇ ಆಗಿಲ್ಲ, ಆಗಿದ್ದರೂ ಹೆಸರಿನ ಅಕ್ಷರ ತಪ್ಪು. ತಿದ್ದಿಸಲು ಮತ್ತೆ ಅಲೆದಾಟ. ಟೆಕ್ಸಸ್ ಕರ್ನಾಟಕದ ಮೂರೂವರೆ ಪಟ್ಟು ದೊಡ್ಡ ರಾಜ್ಯ. 254 ಕೌಂಟಿಗಳು. ಚೀಟಿ ಕೊಡುವ ಆಫೀಸು ಇಲ್ಲದ ಕೌಂಟಿಗಳೇ ಹತ್ತಾರು. ಕಾರಿಲ್ಲದ ಕಾರಣಕ್ಕೆ ಲೈಸೆನ್ಸ್ ಇಲ್ಲದವರು, ಕಾರಿದ್ದರೆ ಮಾತ್ರ ಮುಟ್ಟಬಹುದಾದ ಆಫೀಸಿಗೆ ಹೋಗಬೇಕು.

ಈ ಕಾನೂನಿನ ವಿರುದ್ಧ ಕೋರ್ಟಿಗೆ ಹೋದ ಪ್ರಕರಣದ ವಿಚಾರಣೆಯಲ್ಲಿ ಮಿಸ್ಸಿಸಿಪ್ಪಿಯಲ್ಲಿ ಹುಟ್ಟಿದ ಒಬ್ಬ ಬಡ ಮಹಿಳೆ ಸಾಕ್ಷಿ ಹೇಳಿದರು. ಅಲ್ಲಿಂದ ಬರ್ತ್ ಸರ್ಟಿಫಿಕೇಟ್ ತರಿಸಲು 42 ಡಾಲರ್ ಬೇಕಿತ್ತು. ಆ ದುಡ್ಡು ಮನೆಯವರ ಊಟಕ್ಕೆ ಬೇಕಾಗಿತ್ತು, ಸರ್ಟಿಫಿಕೇಟ್ ತಿಂದು ಬದುಕಲು ಆಗುವುದಿಲ್ಲವಲ್ಲ ಅಂತ ಅವರು ಹೇಳಿದ್ದು ತೀರ್ಪಿನಲ್ಲಿ ದಾಖಲಾಗಿದೆ. ವರ್ಜೀನಿಯಾದ ಒಂದೂವರೆ ಡಾಲರ್ ತೆರಿಗೆಗೂ ಇದಕ್ಕೂ ವ್ಯತ್ಯಾಸ ಏನು ಅಂತ ಅಲ್ಲಿನ ಜನ ಕೇಳುವುದು ಸುಮ್ನೆ ಅಲ್ಲ.

ನೋಂದಣಿ ಆಗಿರುವ ಸುಮಾರು 6 ಲಕ್ಷ ಮತದಾರರ ಹತ್ತಿರ ಈ ಏಳರಲ್ಲಿ ಒಂದೂ ಇಲ್ಲ ಅಂತ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶೆ ನೆಲ್ವಾ ಗೊಂಜಾಲೆಸ್ ರಾಮೋಸ್ 2014ರಲ್ಲಿ ತೀರ್ಪು ಕೊಟ್ಟರು. ಮೇಲಿನ ಕೋರ್ಟೂ 2016ರಲ್ಲಿ ಈ ಕಾನೂನಿನಿಂದ ಕಪ್ಪು ವರ್ಣೀಯರಿಗೆ, ಲ್ಯಾಟಿನೋಗಳಿಗೆ ತಾರತಮ್ಯ ಆಗುತ್ತದೆ ಅಂತ ಒಪ್ಪಿತು. ಕೊನೆಗೆ ಬಂದ ಪರಿಹಾರ ಸರಳವಾಗಿತ್ತು. ಕಾರ್ಡಿಲ್ಲದವರು ಯಾಕೆ ಮಾಡಿಸಲು ಆಗಲಿಲ್ಲ ಅಂತ ಒಂದು ಫಾರಂನಲ್ಲಿ ಬರೆದು, ಸಹಿ ಹಾಕಿ, ಕರೆಂಟ್ ಬಿಲ್‌ನಂಥದ್ದೇನಾದರೂ ತೋರಿಸಿ ವೋಟು ಹಾಕಬಹುದು. ಇದನ್ನು ಮೊದಲೇ ಮಾಡಿದ್ದರೆ ಅಷ್ಟು ವರ್ಷಗಳ ವ್ಯಾಜ್ಯ ಬೇಕಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಐಡಿ ಬೇಕು ಅನ್ನುವವರ ಮಾತು

ಐಡಿ ಬೇಕು ಅನ್ನುವವರೆಲ್ಲ ಕಪ್ಪು ವರ್ಣೀಯರ ವೋಟು ತಪ್ಪಿಸಲು ಹೊರಟವರು ಅಂದುಕೊಂಡರೆ ತಪ್ಪಾಗುತ್ತದೆ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕನ್ನರಲ್ಲಿ ನೂರಕ್ಕೆ 84 ಜನ ಫೋಟೋ ಐಡಿ ಕೇಳುವುದು ಸರಿ ಅಂದರು. ಬೇರೆ ಸಮೀಕ್ಷೆಗಳಲ್ಲಿ ಕಪ್ಪು ವರ್ಣೀಯರಲ್ಲೂ ಬಹುಮತ ಅದೇ ಕಡೆಗಿದೆ. ಮಾಜಿ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಮತ್ತು ರಿಪಬ್ಲಿಕನ್ ಪಕ್ಷದ ಜೇಮ್ಸ್ ಬೇಕರ್ ಸೇರಿ ನಡೆಸಿದ ಆಯೋಗ 2005ರಲ್ಲೇ ಫೋಟೋ ಐಡಿ ಇರಲಿ ಅಂತ ಶಿಫಾರಸು ಮಾಡಿತ್ತು. ಜೊತೆಗೆ ಅದನ್ನು ಜನರಿಗೆ ಉಚಿತವಾಗಿ, ಸರ್ಕಾರವೇ ಹುಡುಕಿಕೊಂಡು ಹೋಗಿ ತಲುಪಿಸಬೇಕು ಅಂತಲೂ ಹೇಳಿತ್ತು. ಆಮೇಲೆ ಕಾನೂನು ಮಾಡಿದ ರಾಜ್ಯಗಳು ಮೊದಲ ಅರ್ಧ ಎತ್ತಿಕೊಂಡಷ್ಟು ಉತ್ಸಾಹದಿಂದ ಎರಡನೇ ಅರ್ಧ ಎತ್ತಿಕೊಳ್ಳಲಿಲ್ಲ.

ಅವರ ವಾದದಲ್ಲಿ ಹುರುಳಿದೆ. ಮತದಾರರ ಪಟ್ಟಿಗಳು ನಿಜಕ್ಕೂ ಗಲೀಜಾಗಿವೆ. ತೀರಿಕೊಂಡ 18 ಲಕ್ಷ ಜನರ ಹೆಸರು ಪಟ್ಟಿಯಲ್ಲಿ ಹಾಗೇ ಇದೆ, 27 ಲಕ್ಷಕ್ಕೂ ಹೆಚ್ಚು ಜನರ ಹೆಸರು ಒಂದಕ್ಕಿಂತ ಹೆಚ್ಚು ರಾಜ್ಯದಲ್ಲಿದೆ ಅಂತ ಪ್ಯೂ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿತ್ತು. ಇಂಥ ಪಟ್ಟಿ ಇಟ್ಟುಕೊಂಡು, ಬಂದವರು ಯಾರು ಅಂತಲೂ ಕೇಳದಿದ್ದರೆ ಜನರಿಗೆ ಫಲಿತಾಂಶದ ಮೇಲೆ ನಂಬಿಕೆ ಹೇಗೆ ಬರುತ್ತದೆ? ಬ್ಯಾಂಕಿಗೆ, ವಿಮಾನಕ್ಕೆ ಕಾರ್ಡು ಬೇಕಾದರೆ ವೋಟಿಗೆ ಯಾಕೆ ಬೇಡ? ಹೀಗೆ ಕೇಳುತ್ತಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಬೂತಿನಲ್ಲಿ ತೋರಿಸುವ ಫೋಟೋ ಐಡಿ ತಡೆಯುವುದು ಒಂದೇ ಬಗೆಯ ಮೋಸವನ್ನು: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬಂದು ವೋಟು ಹಾಕುವುದು. ಅಮೆರಿಕದಲ್ಲಿ ಅದು ತೀರಾ ಅಪರೂಪ. ಕಾನೂನಿನ ಪ್ರೊಫೆಸರ್ ಜಸ್ಟಿನ್ ಲೆವಿಟ್ 2000ರಿಂದ 2014ರವರೆಗಿನ ಚುನಾವಣೆಗಳನ್ನು ಜಾಲಾಡಿದಾಗ, 100 ಕೋಟಿಗೂ ಹೆಚ್ಚು ಮತಗಳಲ್ಲಿ ನಂಬಬಹುದಾದಂಥ 31 ಪ್ರಸಂಗಗಳು ಸಿಕ್ಕವು. ಒಂದೊಂದು ವೋಟಿಗೆ ಜೈಲಿಗೆ ಹೋಗುವ ಅಪಾಯ ತಲೆಯ ಮೇಲೆ ಹಾಕಿಕೊಂಡು ಚುನಾವಣೆ ಗೆಲ್ಲಲು ಯಾರಿಂದಲೂ ಆಗುವುದಿಲ್ಲ.

ಮೋಸ ನಡೆದಾಗ ಅದು ನಡೆಯುವುದು ಬೇರೆ ಕಡೆ. 2018ರಲ್ಲಿ ನಾರ್ತ್ ಕೆರೊಲಿನಾದ 9ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ 905 ಮತಗಳಿಂದ ಮುಂದಿದ್ದರು. ಅವರ ಪ್ರಚಾರಕ್ಕೆ ಕೆಲಸ ಮಾಡುತ್ತಿದ್ದವರು ಮನೆ ಮನೆಗೆ ಹೋಗಿ ಅಂಚೆ ಮತಪತ್ರಗಳನ್ನು ಕಾನೂನಿಗೆ ವಿರುದ್ಧವಾಗಿ ಸಂಗ್ರಹಿಸಿದ್ದು ಬಯಲಾಯಿತು. ಫಲಿತಾಂಶವನ್ನೇ ರದ್ದು ಮಾಡಿ 2019ರಲ್ಲಿ ಮತ್ತೆ ಚುನಾವಣೆ ಮಾಡಬೇಕಾಯಿತು. ಬೂತಿನಲ್ಲಿ ಎಷ್ಟು ಕಾರ್ಡು ಕೇಳಿದ್ದರೂ ಈ ಮೋಸ ಸಿಗುತ್ತಿರಲಿಲ್ಲ.

ಕಟ್ಟುನಿಟ್ಟಾದ ಐಡಿ ಕಾನೂನಿಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು ಇಂಡಿಯಾನಾದ ಕಾನೂನಿನಿಂದ. 2008ರಲ್ಲಿ, 6–3. ಉದಾರವಾದಿ ಅಂತ ಹೆಸರಾಗಿದ್ದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರೇ ಮುಖ್ಯ ತೀರ್ಪು ಬರೆದರು. ಇಂಡಿಯಾನಾದಲ್ಲಿ ಬೂತಿಗೆ ಬಂದು ಹೆಸರು ಬದಲಿಸಿ ವೋಟು ಹಾಕಿದ ಒಂದು ಪ್ರಕರಣವೂ ದಾಖಲೆಯಲ್ಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಆದರೆ ಎಷ್ಟು ಜನರಿಗೆ ತೊಂದರೆ ಆಗುತ್ತದೆ ಅಂತ ತೋರಿಸಲು ಎದುರು ಕಡೆಯವರಿಗೆ ಆಗಲಿಲ್ಲ, ಹಾಗಾಗಿ ಕಾನೂನು ಉಳಿಯಿತು. ಮರುವಾರವೇ ಅಲ್ಲಿನ ಸೌತ್ ಬೆಂಡ್ ಊರಿನಲ್ಲಿ ಸುಮಾರು ಹನ್ನೆರಡು ವೃದ್ಧ ಕ್ರೈಸ್ತ ಸನ್ಯಾಸಿನಿಯರು ವೋಟು ಹಾಕಲಾಗದೆ ಹಿಂದಿರುಗಿದರು. ಕೆಲವರಿಗೆ ತೊಂಬತ್ತು ದಾಟಿತ್ತು. ಬೂತಿನಲ್ಲಿ ಕೂತು ಅವರಿಗೆ ಆಗುವುದಿಲ್ಲ ಅಂತ ಹೇಳಬೇಕಾಗಿ ಬಂದದ್ದು ಅದೇ ಮಠದ ಇನ್ನೊಬ್ಬ ಸಿಸ್ಟರ್. ಎದುರಿಗಿದ್ದವರು ಯಾರು ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಇಂಡಿಯಾನಾ ಕಾನೂನಿನ ಪ್ರಕರಣವನ್ನು ಕೆಳಗಿನ ಕೋರ್ಟಿನಲ್ಲಿ ತೀರ್ಮಾನಿಸಿದ್ದ ನ್ಯಾಯಾಧೀಶ ರಿಚರ್ಡ್ ಪೋಸ್ನರ್, ತಮ್ಮ ತೀರ್ಮಾನ ತಪ್ಪಾಗಿತ್ತು ಅಂತ 2013ರಲ್ಲಿ ಬರೆದುಕೊಂಡರು.

ಉದ್ದೇಶವೇ ಕೆಟ್ಟದಾಗಿದ್ದ ಕಡೆ

ನಾರ್ತ್ ಕೆರೊಲಿನಾದ 2013ರ ಕಾನೂನಿನ ಕಥೆ ಓದಿದಾಗ ನನಗೆ ಸಿಟ್ಟು ಬಂತು. ಅಲ್ಲಿನ ಶಾಸಕರು ಮೊದಲು ಅಂಕಿ ಅಂಶ ತರಿಸಿಕೊಂಡರು: ಕಪ್ಪು ವರ್ಣೀಯರು ಯಾವ ಬಗೆಯ ಐಡಿ ಬಳಸುತ್ತಾರೆ, ಯಾವ ದಿನ ವೋಟು ಹಾಕುತ್ತಾರೆ, ಯಾವ ಸೌಲಭ್ಯ ಜಾಸ್ತಿ ಬಳಸುತ್ತಾರೆ. ಆಮೇಲೆ ಕಾನೂನು ಬರೆದರು. ಕಪ್ಪು ವರ್ಣೀಯರ ಹತ್ತಿರ ಹೆಚ್ಚಾಗಿರುವ ಐಡಿಗಳು ಪಟ್ಟಿಯಿಂದ ಹೊರಗೆ ಹೋದವು. ಚರ್ಚಿನಿಂದ ಜನ ಗುಂಪಾಗಿ ಬಸ್ಸಿನಲ್ಲಿ ಬಂದು ವೋಟು ಹಾಕುತ್ತಿದ್ದ ಮುಂಗಡ ಮತದಾನದ, ಅಂದರೆ ಚುನಾವಣೆಯ ದಿನಕ್ಕೂ ಮುಂಚೆಯೇ ನಡೆಯುವ ಮತದಾನದ, ಮೊದಲ ವಾರ ಹೋಯಿತು. ವೋಟು ಹಾಕುವ ದಿನವೇ ನೋಂದಣಿ ಮಾಡಿಸುವ ಸೌಲಭ್ಯವೂ ಹೋಯಿತು. ಕಪ್ಪು ವರ್ಣೀಯರಿಗೆ ‘ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ’ ಗುರಿಯಿಟ್ಟ ಕಾನೂನು ಇದು ಅಂತ 2016ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಹೊಡೆದುಹಾಕಿತು.

2018ರಲ್ಲಿ ಅದೇ ರಾಜ್ಯದ ಮತದಾರರು ಫೋಟೋ ಐಡಿ ಬೇಕು ಅಂತ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದರು. 2023ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಅದರಲ್ಲಿ ಒಪ್ಪಿಗೆ ಪಡೆದ ವಿದ್ಯಾರ್ಥಿ ಕಾರ್ಡುಗಳೂ ನಡೆಯುತ್ತವೆ, ಐಡಿ ಇಲ್ಲದವರಿಗೆ ಕಾರಣ ಬರೆದುಕೊಡುವ ಫಾರಂ ಇದೆ. ಕಾರ್ಡು ಕೇಳುವುದು ಎರಡು ಕಾನೂನಿಗೂ ಒಂದೇ. ಹೊಸದನ್ನು ಟೀಕಿಸುವವರು ಈಗಲೂ ಇದ್ದಾರೆ, ಆದರೆ ಹಳೆಯದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ನಾರ್ತ್ ಡಕೋಟಾದ ವಿಷಯ ಇನ್ನೊಂದು ಬಗೆಯದು. ಮತದಾರರ ನೋಂದಣಿಯೇ ಇಲ್ಲದ ಏಕೈಕ ರಾಜ್ಯ ಅದು. ಅಲ್ಲಿ ಐಡಿಯಲ್ಲಿ ಮನೆಯ ವಿಳಾಸ, ಅಂದರೆ ಬೀದಿಯ ಹೆಸರು ಮತ್ತು ಮನೆ ನಂಬರ್, ಇರಲೇಬೇಕು ಅಂತ ಕಾನೂನಾಯಿತು. ನೋಡಲು ಏನೂ ತಪ್ಪಿಲ್ಲ. ಆದರೆ ಅಮೆರಿಕದ ಮೂಲನಿವಾಸಿಗಳು ವಾಸಿಸುವ ಮೀಸಲು ಪ್ರದೇಶಗಳಲ್ಲಿ ಅನೇಕ ಮನೆಗಳಿಗೆ ಬೀದಿ ಹೆಸರೂ ಇಲ್ಲ, ನಂಬರೂ ಇಲ್ಲ. ಟಪಾಲು ಬರುವುದು ಪೋಸ್ಟಾಫೀಸಿನ ಪೆಟ್ಟಿಗೆಗೆ. ಅವರ ಬುಡಕಟ್ಟಿನ ಕಾರ್ಡಿನಲ್ಲೂ ಅದೇ ಪೆಟ್ಟಿಗೆ ನಂಬರ್. ಸುಮಾರು 5,000 ಮೂಲನಿವಾಸಿ ಮತದಾರರ ಹತ್ತಿರ ನಡೆಯುವ ಐಡಿ ಇಲ್ಲ ಅಂತ ಕೋರ್ಟ್ ಕಂಡುಕೊಂಡಿತ್ತು. ಅಲ್ಲಿನ ಸೆನೆಟರ್ ಹೈಡಿ ಹೈಟ್‌ಕ್ಯಾಂಪ್ 2012ರಲ್ಲಿ ಗೆದ್ದಿದ್ದ ಅಂತರ 3,000 ಮತಗಳಿಗಿಂತ ಕಡಿಮೆ.

2018ರ ಅಕ್ಟೋಬರ್ 9ರಂದು, ಚುನಾವಣೆಗೆ ಒಂದೇ ತಿಂಗಳಿರುವಾಗ, ಸುಪ್ರೀಂ ಕೋರ್ಟ್ ಈ ನಿಯಮ ತಡೆಯಲು ಒಪ್ಪಲಿಲ್ಲ. ಬುಡಕಟ್ಟುಗಳು ಕೈಕಟ್ಟಿ ಕೂರಲಿಲ್ಲ. ಮನೆಗಳಿಗೆ ವಿಳಾಸ ಹಚ್ಚಿ, ಉಚಿತವಾಗಿ ಹೊಸ ಕಾರ್ಡು ಮುದ್ರಿಸಿ ಹಂಚತೊಡಗಿದವು. ಟರ್ಟಲ್ ಮೌಂಟನ್ ಬುಡಕಟ್ಟಿನ ಆಫೀಸಿನಲ್ಲಿ ಮುದ್ರಿಸುವ ಮಿಷನ್ನೇ ಕಾದು ಕಾರ್ಡುಗಳು ಕರಗತೊಡಗಿದ್ದವು, ಅಷ್ಟು ಕೆಲಸ. ಹೈಟ್‌ಕ್ಯಾಂಪ್ ಸೋತರು, ಆದರೆ ಮೀಸಲು ಪ್ರದೇಶಗಳ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ವೋಟು ಹಾಕಿದರು. 2020ರಲ್ಲಿ ರಾಜ್ಯ ರಾಜಿ ಮಾಡಿಕೊಂಡಿತು: ವಿಳಾಸ ಇಲ್ಲದವರು ನಕ್ಷೆಯಲ್ಲಿ ತಮ್ಮ ಮನೆ ಇರುವ ಜಾಗ ಗುರುತು ಮಾಡಿದರೆ ಸಾಕು.

ಅಂಕಿಗಳು ಏನು ಹೇಳುತ್ತವೆ

ಇಷ್ಟೆಲ್ಲ ಓದಿದ ಮೇಲೆ ಈ ಕಾನೂನುಗಳಿಂದ ಅಲ್ಪಸಂಖ್ಯಾತರ ಮತದಾನ ಧೊಪ್ಪನೆ ಬಿದ್ದಿರಬೇಕು ಅಂತ ಅನಿಸಬಹುದು. ಹಾಗಾಗಿಲ್ಲ. ಎನ್ರಿಕೊ ಕ್ಯಾಂಟೋನಿ ಮತ್ತು ವಿನ್ಸೆಂಟ್ ಪಾನ್ಸ್ ಎಂಬ ಅರ್ಥಶಾಸ್ತ್ರಜ್ಞರು 2008ರಿಂದ 2018ರವರೆಗಿನ ದೇಶವ್ಯಾಪಿ ದಾಖಲೆ ತೆಗೆದು ನೋಡಿ 2021ರಲ್ಲಿ ಪ್ರಬಂಧ ಪ್ರಕಟಿಸಿದರು. ಕಟ್ಟುನಿಟ್ಟಾದ ಐಡಿ ಕಾನೂನಿನಿಂದ ಒಟ್ಟು ಮತದಾನವೂ ಇಳಿದಿಲ್ಲ, ಯಾವ ಜನಾಂಗದ್ದೂ ಎದ್ದು ಕಾಣುವಷ್ಟು ಇಳಿದಿಲ್ಲ ಅನ್ನುವುದು ಅವರಿಗೆ ಸಿಕ್ಕ ಉತ್ತರ. ಭಾರೀ ಇಳಿಕೆ ಆಗಿದೆ ಅಂದಿದ್ದ ಹಳೆಯ ಒಂದು ಅಧ್ಯಯನವನ್ನು ಬೇರೆಯವರು ಪರಿಶೀಲಿಸಿದಾಗ ಅದು ನಿಲ್ಲಲಿಲ್ಲ. ಕಾನೂನಿನ ವಿರೋಧಿಗಳು ಈ ಮಾತನ್ನು ಮುಚ್ಚಿಡಬಾರದು. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ: ಈ ಕಾನೂನುಗಳಿಂದ ಮೋಸವೂ ಕಡಿಮೆಯಾಗಿಲ್ಲ, ಚುನಾವಣೆಯ ಮೇಲಿನ ನಂಬಿಕೆಯೂ ಹೆಚ್ಚಾಗಿಲ್ಲ. ಕಾನೂನಿನ ಬೆಂಬಲಿಗರು ಇದನ್ನು ಮುಚ್ಚಿಡಬಾರದು.

ಸರಾಸರಿ ಬದಲಾಗಲಿಲ್ಲ ಅಂದರೆ ಯಾರಿಗೂ ತೊಂದರೆ ಆಗಲಿಲ್ಲ ಅಂತ ಅರ್ಥವಲ್ಲ. ಐಡಿ ಇಲ್ಲದವರಲ್ಲಿ ಅನೇಕರು ಮುಂಚೆಯೂ ಕಡಿಮೆ ವೋಟು ಹಾಕುತ್ತಿದ್ದವರು. ಇನ್ನು ಕಾನೂನು ಬಂದಾಗ ಎದ್ದ ಸಿಟ್ಟಿನಲ್ಲಿ ಪಕ್ಷಗಳೂ ಸಂಘಗಳೂ ಹೆಚ್ಚು ಜನರನ್ನು ಬೂತಿಗೆ ಕರೆತರುತ್ತವೆ. ಟರ್ಟಲ್ ಮೌಂಟನ್‌ನಲ್ಲಿ ಆಗಿದ್ದೂ ಅದೇ. ಆದರೆ ಸರ್ಕಾರ ಹಾಕಿದ ಅಡ್ಡಿಯನ್ನು ಬಡವರು ತಮ್ಮ ಕಾಸು ಖರ್ಚು ಮಾಡಿ ದಾಟಿದರೆ, ಅಡ್ಡಿ ಇರಲೇ ಇಲ್ಲ ಅನ್ನಲು ನನ್ನಿಂದ ಆಗುವುದಿಲ್ಲ. ಕಾರ್ಡು ಕೇಳುವುದು ತಪ್ಪಲ್ಲ. ಕೇಳುವ ಸರ್ಕಾರ ಅದನ್ನು ಪ್ರತಿಯೊಬ್ಬರ ಕೈಗೂ ಮುಟ್ಟಿಸಬೇಕು, ಮುಟ್ಟಿಸುವ ತನಕ ಬೇರೆ ದಾರಿ ಇಡಬೇಕು.

ಹೆಸರಿನ ತೊಡಕು, ಅಲ್ಲಿರುವ ನಮ್ಮವರು

ಈಗ ಜಗಳ ಒಂದು ಹೆಜ್ಜೆ ಮುಂದೆ ಹೋಗಿದೆ. ನೀನು ಯಾರು ಅಂತ ತೋರಿಸಿದರೆ ಸಾಲದು, ಪಟ್ಟಿಗೆ ಸೇರುವಾಗಲೇ ನೀನು ಈ ದೇಶದ ಪ್ರಜೆ ಅಂತ ದಾಖಲೆ ಕೊಡು ಅನ್ನುವ ಬೇಡಿಕೆ. ಇದಕ್ಕಾಗಿ ‘ಸೇವ್’ ಎಂಬ ಮಸೂದೆ 2025ರ ಏಪ್ರಿಲ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಪಾಸಾಯಿತು. ಇದೇ ಪ್ರಯೋಗವನ್ನು ಕ್ಯಾನ್ಸಸ್ ರಾಜ್ಯ 2013ರಿಂದ ಮಾಡಿ ನೋಡಿತ್ತು. ದಾಖಲೆ ಕೊಡಲಿಲ್ಲ ಅಂತ 31,000ಕ್ಕೂ ಹೆಚ್ಚು ಅರ್ಜಿಗಳು ನಿಂತುಹೋದವು. ಅದಕ್ಕೆ ಮುಂಚಿನ 1999ರಿಂದ 2012ರ ನಡುವೆ ಪ್ರಜೆಗಳಲ್ಲದವರು ಪಟ್ಟಿಗೆ ಸೇರಿದ್ದು ಹೆಚ್ಚೆಂದರೆ 39 ಅಂತ ಕೋರ್ಟ್ ಲೆಕ್ಕ ಹಾಕಿತು. ಕಾನೂನು 2018ರಲ್ಲಿ ಬಿದ್ದುಹೋಯಿತು.

ಬೂತಿನ ಐಡಿ ನಿಯಮ ಅಲ್ಲಿರುವ ಕನ್ನಡಿಗರಿಗೆ ಅಷ್ಟಾಗಿ ತಟ್ಟಿಲ್ಲ, ಬಹುಪಾಲು ಎಲ್ಲರ ಹತ್ತಿರ ಲೈಸೆನ್ಸ್ ಇದೆ. ಪೌರತ್ವದ ದಾಖಲೆಯ ನಿಯಮ ಬಂದರೆ ತಟ್ಟುತ್ತದೆ, ಯಾಕೆಂದರೆ ನಮ್ಮ ಹೆಸರುಗಳ ರೀತಿಯೇ ಬೇರೆ. ಅಪ್ಪನ ಹೆಸರಿನ ಮೊದಲಕ್ಷರ, ಊರಿನ ಹೆಸರು, ಮನೆತನದ ಹೆಸರು, ಕೆಲವರಿಗೆ ಬರೀ ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು, ಅದೇ ಲೈಸೆನ್ಸಿಗೂ ಅಂಟಿಕೊಂಡಿರುತ್ತದೆ. ಪೌರತ್ವ ಸಿಗುವಾಗ ಹೆಸರು ಸರಿಮಾಡಿಸಿಕೊಂಡರೆ ಹಳೆಯ ದಾಖಲೆಗೂ ಹೊಸದಕ್ಕೂ ತಾಳೆಯಾಗುವುದಿಲ್ಲ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಹೆಂಗಸರಿಗೂ ಇದೇ ಕಥೆ. ಆ ತೊಂದರೆ ಅಲ್ಲೇ ಹುಟ್ಟಿ ಬೆಳೆದ ಕೋಟ್ಯಂತರ ಹೆಂಗಸರಿಗೂ ಇದೆ.

ಇದು ಬರೀ ಊಹೆಯಲ್ಲ. ಜಾರ್ಜಿಯಾದಲ್ಲಿ ನೋಂದಣಿ ಅರ್ಜಿಯ ಹೆಸರು ಸರ್ಕಾರದ ದಾಖಲೆಗೆ ಅಕ್ಷರಶಃ ಹೊಂದಬೇಕು ಅನ್ನುವ ನಿಯಮ ಇತ್ತು. ಒಂದು ಅಡ್ಡಗೆರೆ ಬಿಟ್ಟರೂ ಅರ್ಜಿ ಬಾಕಿ. 2018ರ ಚುನಾವಣೆಯ ಹೊತ್ತಿಗೆ ಹೀಗೆ ಬಾಕಿಯಾಗಿದ್ದದ್ದು ಸುಮಾರು 53,000 ಅರ್ಜಿಗಳು. ಅದರಲ್ಲಿ ನೂರಕ್ಕೆ 70ರಷ್ಟು ಕಪ್ಪು ವರ್ಣೀಯರವು.

ಪೌರತ್ವ ಪಡೆದು ಅಲ್ಲಿರುವ ನೆಂಟರು, ಸ್ನೇಹಿತರು ನಿಮಗಿದ್ದರೆ ಇಷ್ಟು ಹೇಳಿ. ಅನೇಕ ರಾಜ್ಯಗಳಲ್ಲಿ ಚುನಾವಣೆಗೆ 30 ದಿನ ಮುಂಚೆಯೇ ನೋಂದಣಿ ಮುಗಿಯುತ್ತದೆ. ಅದಕ್ಕೂ ಮೊದಲೇ ರಾಜ್ಯದ ವೆಬ್‌ಸೈಟಿನಲ್ಲಿ ಹೆಸರು ಇದೆಯಾ, ಅಕ್ಷರಗಳು ಲೈಸೆನ್ಸಿನಲ್ಲಿ ಇರುವ ಹಾಗೇ ಇವೆಯಾ ನೋಡಿಕೊಳ್ಳಲಿ. ಗ್ರೀನ್ ಕಾರ್ಡ್ ಮಾತ್ರ ಇರುವವರು ಲೈಸೆನ್ಸ್ ಆಫೀಸಿನಲ್ಲಿ ಯಾರೋ ಮುಂದಿಟ್ಟ ನೋಂದಣಿ ಫಾರಂಗೆ ಓದದೆ ಸಹಿ ಹಾಕಬಾರದು. ಪ್ರಜೆಯಲ್ಲದವರು ವೋಟು ಹಾಕಿದರೆ ಗಡಿಪಾರೂ ಆಗಬಹುದು. ಬೂತಿನಲ್ಲಿ ಐಡಿ ವಿಷಯಕ್ಕೆ ತಕರಾರು ಬಂದರೆ ಸುಮ್ನೆ ಹಿಂದಿರುಗಬೇಡಿ, ಬಹುತೇಕ ರಾಜ್ಯಗಳಲ್ಲಿ ತಾತ್ಕಾಲಿಕ ಮತಪತ್ರ ಕೊಡಿ ಅಂತ ಕೇಳುವ ಹಕ್ಕಿದೆ. ಅದನ್ನು ತುಂಬಿ ಕೊಟ್ಟ ಮೇಲೆ ಗಡುವಿನೊಳಗೆ ಕೌಂಟಿ ಆಫೀಸಿಗೆ ಹೋಗಿ ದಾಖಲೆ ತೋರಿಸಬೇಕು. ಟೆಕ್ಸಸ್‌ನಲ್ಲಿ 6 ದಿನ, ಇಂಡಿಯಾನಾದಲ್ಲಿ 10 ದಿನ. ತೋರಿಸದಿದ್ದರೆ ಆ ವೋಟು ಎಣಿಕೆಗೆ ಸೇರುವುದಿಲ್ಲ.